ನಮ್ಮ ಕೋವಿಯ ಕುದುರೆ

ಕಾರ್ಯಾರಂಭಕ್ಕೆ ಮುನ್ನ ಕೈಮುಗಿಯಬೇಕೆಂದು ನನಗೆ ಹಿರಿಯರು ಹೇಳಿಕೊಟ್ಟಿದ್ದಾರೆ. ಆದ್ದರಿಂದ, ಎಪ್ಪತ್ತು ದಾಟಿದ ಮೇಲೂ ನನ್ನ ಕಣ್ಣಿನಲ್ಲಿ ಬೆಳಕನ್ನೂ ಬೆರಳಿನಲ್ಲಿ ಲೇಖನಿ ಹಿಡಿಯುವಷ್ಟು ಬಲವನ್ನೂ ಉಳಿಸಿರುವ ನಮ್ಮ ಮನೆದೈವ ಲಕ್ಷ್ಮೀನರಸಿಂಹನಿಗೆ ಮೊದಲ ವಂದನೆ. ಒಂದೊಂದು ವಸ್ತುವಿಗೂ ಹತ್ತು ಹತ್ತು ಹೆಸರುಗಳನ್ನು ಬಾಯಿಪಾಠ ಮಾಡಿಸಿದ ಪಾಠಶಾಲೆಯ ಗುರುಗಳಿಗೆ ಎರಡನೆಯ ವಂದನೆ. ಹತ್ತು ಹೆಸರು ಬಲ್ಲವನಿಗೆ ಆ ವಸ್ತು ಏನೆಂಬುದೇ ತಿಳಿಯದಿರಬಹುದು ಎಂಬುದನ್ನು ಒಂದು ಮಧ್ಯಾಹ್ನದಲ್ಲಿ ಮನಗಾಣಿಸಿದ ಹುಣಸೂರಿನ ಕರೀಂ ಸಾಬರಿಗೆ ಮೂರನೆಯ ವಂದನೆ. ಅವರ ಶಿಷ್ಯತ್ವವನ್ನು ನಾನು ಇದುವರೆಗೆ ಯಾರೆದುರಿಗೂ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಳ್ಳಬೇಕಾದದ್ದು ಇನ್ನೂ ಒಂದಿದೆ. ಅದನ್ನು ಕೊನೆಗೆ ಹೇಳುತ್ತೇನೆ. ಏಕೆಂದರೆ ಧೈರ್ಯ ಒದಗಿ ಬರಲು ನನಗೆ ಸ್ವಲ್ಪ ಹೊತ್ತು ಬೇಕು.

ಮಹಾರಾಜರ ಆಳ್ವಿಕೆಯ ದಿನಗಳು. ಹೆಗ್ಗಡದೇವನಕೋಟೆಯಿಂದ ಬೇಗೂರಿನ ಕಡೆಗೆ ಹೋಗುವ ದಾರಿಯಲ್ಲಿ, ಹೊಲ ಮುಗಿದು ಕಾಡು ಮೊದಲಾಗುವ ಕಡೆ ನಮ್ಮ ಊರು. ನಾನು ದೇವಸ್ಥಾನದ ಅರ್ಚಕ. ಬಿಡುವಿನಲ್ಲಿ ಪುರಾಣ ಓದುವವನು. ಸೊಳ್ಳೆಯನ್ನು ಹೊಡೆಯುವಾಗಲೂ ಮನಸ್ಸಿನಲ್ಲಿ ಕ್ಷಮೆ ಬೇಡುವ ಇಂಥವನ ಮನೆಯಲ್ಲಿ ಒಂದು ರೈಫಲ್ ಇತ್ತೆಂದರೆ ಓದುಗರು ನಗಬಹುದು. ಅದು ನನ್ನ ದೊಡ್ಡಪ್ಪನವರದು. ಅವರು ಸರ್ಕಾರದ ಕಂದಾಯ ಇಲಾಖೆಯಲ್ಲಿ ಶೇಕ್ದಾರರಾಗಿದ್ದವರು. ವಿಲಾಯಿತಿಗೆ ಹಿಂದಿರುಗುತ್ತಿದ್ದ ಯಾರೋ ಬಿಳಿಯ ದೊರೆ, ಹೊರಲಾರದ ಸಾಮಾನನ್ನೆಲ್ಲ ಹಂಚುವಾಗ ಇದನ್ನು ದೊಡ್ಡಪ್ಪನವರ ಕೈಗಿತ್ತನಂತೆ. ಅವರು ಅದರಿಂದ ಒಂದು ಕಾಗೆಯನ್ನೂ ಹೊಡೆದವರಲ್ಲ. ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಆರಾಮಕುರ್ಚಿಯಲ್ಲಿ ಕುಳಿತು, ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಳೆಯ ಧೋತ್ರದ ಚೂರಿನಿಂದ ಒರೆಸುತ್ತಿದ್ದರು. ಹಾಗೆ ಒರೆಸುತ್ತಿದ್ದಾಗಲೇ ಒಂದು ದಿನ ಅವರ ಉಸಿರು ನಿಂತಿತು. ನಾವು ನೋಡಿದಾಗ ಮುಖ ಪ್ರಸನ್ನವಾಗಿತ್ತು. ಬಲಗೈಯ ತೋರುಬೆರಳು ಮಾತ್ರ ಕೋವಿಯ ಕುದುರೆಯ ಮೇಲೆ ಸುತ್ತಿಕೊಂಡಿತ್ತು. ಗುಂಡು ಸಿಡಿಸಲು ಬೆರಳಿನಿಂದ ಎಳೆಯುವ ಆ ಪುಟ್ಟ ಕಬ್ಬಿಣದ ಕೊಕ್ಕೆಗೆ ನಮ್ಮ ಕಡೆ ಕುದುರೆ ಎಂದೇ ಹೆಸರು. ಆ ಬೆರಳನ್ನು ಬಿಡಿಸಲು ನಾನೂ ನಮ್ಮ ಪುರೋಹಿತರೂ ಪಟ್ಟ ಶ್ರಮವನ್ನು ವಿವರಿಸುವುದು ಬೇಡ. ಬಿಟ್ಟಿತು ಎಂದು ನಾನು ನಂಬಿದ್ದೆ. ಊರಿನವರು ನಂಬಲಿಲ್ಲ.

ಲೈಸೆನ್ಸು ನನ್ನ ಹೆಸರಿಗೆ ಬಂತು. ಕೋವಿಯನ್ನು ದೇವರ ಮನೆಯ ಗೋಡೆಗೆ ಒರಗಿಸಿದೆ. ಕೆಲವು ವರ್ಷಗಳು ಕಳೆದ ಮೇಲೆ ಒಂದು ವಿಚಿತ್ರ ಕಾಣಿಸಿಕೊಂಡಿತು. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ, ಮನೆಯ ಸದ್ದುಗಳೆಲ್ಲ ಅಡಗಿದಾಗ, ಕೋವಿಯ ಮರದ ಹಿಡಿಯೊಳಗಿನಿಂದ ಪಿಸುಮಾತಿನಂಥ ಸದ್ದು ಬರುತ್ತಿತ್ತು. ಕಿವಿಗೊಟ್ಟರೆ ನಿಲ್ಲುತ್ತಿತ್ತು, ತಿರುಗಿ ನಡೆದರೆ ಮತ್ತೆ ಮೊದಲಾಗುತ್ತಿತ್ತು. ನನ್ನಾಕೆ ಅದನ್ನು ಕೇಳಿದಂದಿನಿಂದ ದೀಪ ಹಚ್ಚುವ ಕೆಲಸವನ್ನು ನನಗೇ ಬಿಟ್ಟುಕೊಟ್ಟಳು. "ನಿಮ್ಮ ದೊಡ್ಡಪ್ಪ ತಾನೇ? ನೀವೇ ವಿಚಾರಿಸ್ಕೊಳ್ಳಿ," ಎಂದಳು. ನಾನು ವಿಚಾರಿಸಿಕೊಳ್ಳಲಿಲ್ಲ. ಸ್ತೋತ್ರವನ್ನು ಸ್ವಲ್ಪ ಗಟ್ಟಿಯಾಗಿ ಹೇಳುವುದನ್ನು ಅಭ್ಯಾಸ ಮಾಡಿಕೊಂಡೆ.

ಹೀಗಿರುವಾಗ ಊರಿಗೆ ಒಂದು ಚಿರತೆ ಬಂತು. ಮೊದಲು ನಾಯಿಗಳು ಹೋದವು, ಆಮೇಲೆ ಕರುಗಳು. ಗುರಿ ಹೊಡೆಯಬಲ್ಲವರು ಊರಿನಲ್ಲಿ ಒಬ್ಬರೇ, ಜವರೇಗೌಡರು. ಅವರ ಬಳಿ ಕೋವಿ ಇರಲಿಲ್ಲ. ಕೋವಿ ಇದ್ದ ನನಗೆ ಗುರಿ ಇರಲಿಲ್ಲ. ನಾನು ಒಯ್ದು ಕೊಟ್ಟೆ. ಎರಡನೆಯ ದಿನ ಹೊಲದ ಬದುವಿನಲ್ಲಿ ಚಿರತೆ ಅವರಿಗೆ ಎದುರಾಯಿತು; ಗುಂಡು ಅದರ ಹಿಂಗಾಲಿಗೆ ತಗುಲಿತು. ಗೌಡರು ನಮ್ಮ ಜಗಲಿಯ ಕೆಳಗೆ ನಿಂತು, ಕೋವಿಯನ್ನು ದೂರದಿಂದಲೇ ಚಾಚಿದರು.

"ತಕಳಿ ಅಯ್ನೋರೆ, ನಿಮ್ ಕೋವಿ ನಿಮ್ಗೇ ಇರ್ಲಿ. ಕುದ್ರೆ ಬರಾಕಿಲ್ಲ ಕಣ್ರೀ! ಒಂದ್ ಬೆರ್ಳಾಕಿ ಎಳ್ದೆ, ಊಂ ಊಂ. ಎಲ್ಡು ಬೆರ್ಳಾಕಿ ಜಗ್ಗುದ್ರೆ ಕೋವಿ ಮೂತಿನೇ ಅತ್ಲಾಗ್ ತಿರಿಕಂತು. ಒಳ್ಗಿಂದ ಯಾರೋ ಇಡ್ಕಂಡಂಗಾಯ್ತದೆ."

"ಯಾರು ಹಿಡಿದುಕೊಳ್ಳುತ್ತಾರೆ ಗೌಡರೇ?"

"ನನ್ ಬಾಯಲ್ ಯಾಕ್ ಏಳುಸ್ತೀರಿ? ದೊಡ್ಡಯ್ನೋರು ಇನ್ನೂ ಬೆರ್ಳು ಬುಟ್ಟಿಲ್ಲ, ಅಷ್ಟೇಯ."

ಗಾಯಗೊಂಡ ಚಿರತೆ ಓಡುವ ಬೇಟೆಯನ್ನು ಹಿಡಿಯಲಾರದು. ನಿಧಾನವಾಗಿ ನಡೆಯುವುದನ್ನು ಹಿಡಿಯುತ್ತದೆ. ಎಂಟು ದಿನಗಳೊಳಗೆ, ತೋಪಿನ ಬಾವಿಯಿಂದ ನೀರು ಹೊತ್ತು ಬರುತ್ತಿದ್ದ ಗೌಡರ ತಂಗಿ ಸಿದ್ದಮ್ಮನ ಮೇಲೆ ಅದು ಬಿತ್ತು. ಹೆಗಲು ಹರಿಯಿತು, ಜೀವ ಉಳಿಯಿತು. ತಲೆಯ ಮೇಲಿದ್ದ ಹಿತ್ತಾಳೆಯ ತುಂಬಿದ ಕೊಡವನ್ನು ಆಕೆ ಅದರ ಮುಖದ ಮೇಲೆಯೇ ಎತ್ತಿಹಾಕಿದ್ದಳು. ನಾನು ನೋಡಲು ಹೋದಾಗ ಅರಿಶಿನದ ಪಟ್ಟಿಯೊಳಗಿನಿಂದ ಆಕೆ ನಕ್ಕಳು. "ನಮ್ಮಣ್ಣನ್ ಕೈಗೆ ಕೊಟ್ರಲ್ಲ, ಆ ಕೋವಿಗಿಂತ ನನ್ ಕೊಡ್ವೇ ವಾಸಿ ಕಣ್ರೀ ಅಯ್ನೋರೆ. ಬುಟ್ರೆ ಬೀಳ್ತದೆ. ಅದ್ನ ಯಾವ್ ದೆವ್ವಾನೂ ಇಡ್ಕಳಾಕಿಲ್ಲ."

ಗೌಡರು ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಅಂದಿನಿಂದ ತೋಪಿನ ಬಾವಿಗೆ ಹೆಂಗಸರು ಹೋಗುವುದು ನಿಂತಿತು. ಮುಂದಿನ ಸಲ ಕೊಡವಿಲ್ಲದ ಯಾರ ಮೇಲಾದರೂ ಅದು ಬಿದ್ದರೆ ಆ ಪಾಪ ಯಾರ ತಲೆಗೆ? ಗುರಿ ತಪ್ಪಿದ್ದು ಗೌಡರಿಂದಲ್ಲ, ನಮ್ಮ ಮನೆಯ ಕುದುರೆಯಿಂದ. ಮರುದಿನವೇ ಗಾಡಿ ಕಟ್ಟಿಸಿ, ಗೌಡರನ್ನೂ ಕರೆದುಕೊಂಡು, ಕೋವಿ ರಿಪೇರಿಗೆ ಹೆಸರಾದ ಕರೀಂ ಸಾಬರನ್ನು ಹುಡುಕಿಕೊಂಡು ಹುಣಸೂರಿಗೆ ಹೋದೆ.

ಸಾಬರು ಪಲ್ಟನ್ನಿನಲ್ಲಿ ಕೋವಿಗಳನ್ನು ದುರಸ್ತಿ ಮಾಡುತ್ತಿದ್ದು ವಯಸ್ಸಾದ ಮೇಲೆ ಊರಿಗೆ ಬಂದವರು. ಬಿಳಿಯ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ನಾನು ದೊಡ್ಡಪ್ಪನವರ ಅವಸಾನ, ಬೆರಳು, ಪಿಸುಮಾತು ಎಲ್ಲವನ್ನೂ ಯಥಾಕ್ರಮವಾಗಿ ನಿವೇದಿಸಿದೆ. ಅವರು ಕುದುರೆಯ ಸುತ್ತ ಮೂಸಿ ನೋಡಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದರು.

"ಸ್ವಾಮಿ, ಇದು ಬಂದೂಕಾ, ದೇವರಾ? ಮೊದ್ಲು ಅದು ಹೇಳಿ. ದೇವರಾದ್ರೆ ನಾನು ಮುಟ್ಟಲ್ಲ, ನಿಮ್ಮೋರು ಬೈತಾರೆ. ಬಂದೂಕಾದ್ರೆ ನೀವು ಮುಟ್ಬಾರ್ದು, ನಾನು ಬೈತೀನಿ."

ಅವರು ತಿರುಪುಗಳನ್ನು ಬಿಚ್ಚಿ, ಕಬ್ಬಿಣದ ಅಂಗಾಂಗಗಳನ್ನು ಮರದಿಂದ ಬೇರ್ಪಡಿಸಿ, ಬಿಳಿಯ ಬಟ್ಟೆಯ ಮೇಲೆ ಕೊಡವಿದರು. ಮೊದಲು ಬಿದ್ದದ್ದು ಕಲ್ಲಿನಂತೆ ಗಟ್ಟಿಯಾದ ಗಂಧದ ಹಕ್ಕಳೆಗಳು. ಆಮೇಲೆ ಕುಂಕುಮ. ಒಂದು ಒಣಗಿದ ಸೇವಂತಿಗೆಯ ಎಸಳು. ಆಮೇಲೆ ಸಾಲುಸಾಲಾಗಿ ಇರುವೆಗಳು, ಸತ್ತವೂ ಬದುಕಿದ್ದವೂ; ಮರದ ಹಿಡಿಯೊಳಗೆ ಅವುಗಳ ಒಂದು ಸಂಸ್ಥಾನವೇ ಇತ್ತು. ಪಿಸುಮಾತಿನ ವಿಷಯ ಅಲ್ಲಿಗೆ ಇತ್ಯರ್ಥವಾಯಿತು. ಕಡೆಗೆ ಸಾಬರು ಚಿಮಟದಿಂದ ಏನನ್ನೋ ಕಿತ್ತು, ಅಂಗೈ ಮೇಲಿಟ್ಟು ನನ್ನ ಮುಖದ ಮುಂದೆ ಹಿಡಿದರು. ಬೆಲ್ಲದ ಕಪ್ಪು ಅಂಟಿನಲ್ಲಿ ಕಚ್ಚಿಕೊಂಡ ನಾಲ್ಕು ಹುರುಳಿಕಾಳುಗಳು.

"ಇದೇನು ಸ್ವಾಮಿ?"

ನಾನು ಹೇಳಲೇಬೇಕಾಯಿತು. ದೊಡ್ಡಪ್ಪನವರು ತೀರಿಕೊಂಡ ಮೇಲೆ ಪ್ರತಿ ವರ್ಷದ ಆಯುಧಪೂಜೆಯಲ್ಲಿ ನಾನು ಆ ಕೋವಿಗೆ ಸಾಂಗವಾಗಿ ಅಂಗಪೂಜೆ ಮಾಡುತ್ತಿದ್ದೆ. ಎಲ್ಲರ ಹಾಗೆ ಮೇಲೆ ಒಂದು ಬೊಟ್ಟಿಟ್ಟು ಮುಗಿಸುವುದು ನನ್ನ ವಿದ್ಯೆಗೆ ಸಲ್ಲುವ ಮಾತಾಗಿರಲಿಲ್ಲ. ನಳಿಕೆಗೆ ಒಂದು ನಾಮ, ಹಿಡಿಗೆ ಒಂದು ನಾಮ. ಕುದುರೆಯ ಹತ್ತಿರ ಬಂದಾಗ, ಹೆಸರೇ ಕುದುರೆ ಎಂದಿರುವಾಗ, "ಅಶ್ವಾಯ ನಮಃ" ಎನ್ನದೆ ಇನ್ನೇನು ಎನ್ನಲಿ? ಅಶ್ವವೆಂದ ಮೇಲೆ ನೈವೇದ್ಯ ಅಶ್ವಕ್ಕೆ ಯೋಗ್ಯವಾದದ್ದೇ ಆಗಬೇಕಷ್ಟೆ. ನೆನೆಸಿದ ಹುರುಳಿಯನ್ನು ಬೆಲ್ಲದೊಡನೆ ಕಲಸಿ, ಅದರ ಬಾಯಿ ಎಂದು ನನಗೆ ತೋರಿದ ಸಂದಿನಲ್ಲಿ ಭಕ್ತಿಯಿಂದ ಇಡುತ್ತಿದ್ದೆ. ಹದಿನಾಲ್ಕು ವರ್ಷ ಇಟ್ಟೆ.

ಜವರೇಗೌಡರು ಎದ್ದು ಅಂಗಡಿಯ ಹೊರಗೆ ಹೋದರು. ಅವರ ಬೆನ್ನು ಅಲುಗಾಡುತ್ತಿದ್ದುದನ್ನು ಕಂಡು ಅಳುತ್ತಿದ್ದಾರೆಂದುಕೊಂಡೆ. ಅಲ್ಲ. ತಂಗಿಯ ಮೇಲೆ ಚಿರತೆ ಬಿದ್ದ ದಿನದಿಂದ ಅವರು ನಕ್ಕಿದ್ದು ಅದೇ ಮೊದಲು. ಒಳಗೆ ಬಂದು, "ಅಲ್ಲ ಅಯ್ನೋರೆ, ಉಳ್ಳಿ ತಿಂದ್ ಕುದ್ರೆ ಓಡ್ಬೇಕಾಗಿತ್ತು, ಇದ್ಯಾಕ್ ಮಲಿಕಂತು?" ಎಂದರು.

ಸಾಬರು ನಗಲಿಲ್ಲ. ಸೀಮೆಎಣ್ಣೆಯಲ್ಲಿ ಒಂದೊಂದು ಭಾಗವನ್ನೂ ತೊಳೆದರು; ತುಕ್ಕು ತಿಂದ ಅಂಚನ್ನು ಎಣ್ಣೆಕಲ್ಲಿನ ಮೇಲೆ ಉಸಿರು ಹಿಡಿದು ಸವರಿದರು, ಮತ್ತೆ ಜೋಡಿಸಿದರು. ಅವರ ಆ ಏಕಾಗ್ರತೆಯನ್ನು ನೋಡುತ್ತ, ಇಷ್ಟು ವರ್ಷ ನಾನು ಮಾಡಿದ್ದಕ್ಕಿಂತ ಇದೇ ಹೆಚ್ಚು ಪೂಜೆ ಎಂದು ಅನ್ನಿಸಿತು. ಗುಂಡಿಲ್ಲದ ಕೋವಿಯನ್ನು ನನ್ನ ಕೈಗಿತ್ತು, "ಈಗ ಎಳೀರಿ," ಎಂದರು. ಎಳೆದೆ. ಯಾವ ತಡೆಯೂ ಇರಲಿಲ್ಲ. ಬಹಳ ಕಾಲ ಬಿಗಿಹಿಡಿದವರು ಯಾರೋ ತಾವಾಗಿಯೇ ಕೈ ಸಡಿಲಿಸಿದ ಹಾಗೆ, ಮೆತ್ತಗೆ, ಬಂದುಬಿಟ್ಟಿತು. ಕಾರಣವೆಲ್ಲ ಬಟ್ಟೆಯ ಮೇಲೆ ಕಣ್ಣೆದುರಿಗೆ ಬಿದ್ದಿದ್ದರೂ ನನ್ನ ಮೈ ಏಕೆ ಜುಮ್ಮೆಂದಿತೋ ತಿಳಿಯದು.

ಹಿಂದಿರುಗುವಾಗ ಕೋವಿಯನ್ನು ಶಾಲಿನಲ್ಲಿ ಸುತ್ತಿ ಗಾಡಿಯಲ್ಲಿ ನನ್ನ ಪಕ್ಕಕ್ಕೆ ಇಟ್ಟುಕೊಂಡಿದ್ದೆ. ಹೆಗ್ಗಡದೇವನಕೋಟೆ ದಾಟಿದ ಮೇಲೆ ಎತ್ತುಗಳು ಸುಮ್ಮನೆ ನಿಂತವು. ಗೌಡರು ಇಳಿದು ಗದರಿಸಿದರೂ ಹೆಜ್ಜೆ ಇಡಲಿಲ್ಲ. ಯಾರಾದರೂ ಇಳಿಯುವವರಿದ್ದರೆ ಇಳಿಯಲಿ ಎಂಬಂತೆ ಕಾದು, ಆಮೇಲೆ ತಾವೇ ಹೊರಟವು. ನಾನು ಪಕ್ಕದಲ್ಲಿ ಕೈಯಿಟ್ಟು ನೋಡಿದೆ. ಹಲಗೆ, ಯಾರೋ ಈಗತಾನೇ ಎದ್ದುಹೋದ ಮಣೆಯ ಹಾಗೆ ಬೆಚ್ಚಗಿತ್ತು. ಬಿಸಿಲಿನಿಂದ ಎಂದುಕೊಂಡೆ. ಬೆಳಗಿನಿಂದ ಮೋಡ ಕವಿದಿತ್ತು.

ಮರುದಿನ ಇಳಿಹೊತ್ತಿನಲ್ಲಿ ತೋಪಿನ ಬಾವಿಯ ಎದುರಿನ ಮರದಲ್ಲಿ ಅಟ್ಟಣೆ ಕಟ್ಟಿದರು. ಲೈಸೆನ್ಸು ನನ್ನ ಹೆಸರಿನಲ್ಲಿದ್ದುದರಿಂದ ಕೋವಿ ಇರುವ ಕಡೆ ನಾನೂ ಇರಬೇಕೆಂದು ಗೌಡರು ಹಟ ಹಿಡಿದರು. ಅದು ಕಾನೂನಿನ ಭಯವೋ ದೊಡ್ಡಪ್ಪನವರ ಭಯವೋ ಕೇಳಲಿಲ್ಲ. ಇಬ್ಬರು ಹಿಂದಿನಿಂದ ನೂಕಿ ನನ್ನನ್ನು ಮರ ಹತ್ತಿಸಿದರು. ಕೆಳಗೆ ಕಟ್ಟಿದ್ದ ಮೇಕೆ ನನ್ನನ್ನೇ ನೋಡುತ್ತಿತ್ತು. ನಮ್ಮಿಬ್ಬರಲ್ಲಿ ಯಾರು ಹೆಚ್ಚು ನಡುಗುತ್ತಿದ್ದೆವೆಂದು ಹೇಳುವುದು ಕಷ್ಟ. "ಅಯ್ನೋರೆ, ಮಂತ್ರ ಬಾಯಲ್ ಬ್ಯಾಡ, ಮನ್ಸಲ್ ಏಳ್ಕಳಿ," ಎಂದು ಗೌಡರು ಪಿಸುಗುಟ್ಟಿದರು.

ಹೊತ್ತು ಮುಳುಗುತ್ತಿದ್ದಂತೆ ಹಕ್ಕಿಗಳ ಸದ್ದು ಒಮ್ಮೆಗೇ ನಿಂತಿತು. ಮೇಕೆಯೂ ಅರಚುವುದನ್ನು ಬಿಟ್ಟಿತು. ಚಿರತೆ ಬಂದುದನ್ನು ನಾನು ಕಾಣಲಿಲ್ಲ. ಇಲ್ಲದ ಕಡೆ ಇತ್ತು, ಅಷ್ಟೆ. ಅದು ಮೇಕೆಯನ್ನು ನೋಡಲಿಲ್ಲ. ನೆಲದ ಮೇಲೆ ಕುಳಿತು, ತಲೆಯೆತ್ತಿ, ಅಟ್ಟಣೆಯಲ್ಲಿದ್ದ ನಮ್ಮನ್ನು ನೋಡಿತು. ಮುಖ ನೇರವಾಗಿ ನಮ್ಮ ಕಡೆಗಿತ್ತು. ನಡುವೆ ಒಂದು ಕೊಂಬೆ. ಗೌಡರು ಕೋವಿಯನ್ನು ಹೆಗಲಿಗೊತ್ತಿ ಸಂದು ಹುಡುಕುತ್ತಿದ್ದರು. ಈ ಸಲ ತಪ್ಪಿದರೆ ಇನ್ನೊಂದು ಸಲ ಇಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗ ನನ್ನ ಎಡಗಡೆ ಯಾರೋ ಕೆಮ್ಮಿದರು.

ಎಡಗಡೆ ಬರಿಯ ಎಲೆಗಳಿದ್ದವು. ಆದರೆ ಆ ಕೆಮ್ಮು ನನಗೆ ಗೊತ್ತು. ಚಿಕ್ಕವನಾಗಿದ್ದಾಗ ನಾನು ಶ್ಲೋಕವನ್ನು ತಪ್ಪು ಹೇಳಿದೊಡನೆ ಜಗಲಿಯಿಂದ ಬರುತ್ತಿದ್ದ ಕೆಮ್ಮು ಅದು: ಚಿಕ್ಕದು, ಒಣದು, ಸರ್ಕಾರಿ ಗತ್ತಿನದು. ಚಿರತೆ ತಟ್ಟನೆ ಆ ಕಡೆಗೆ ಕತ್ತು ತಿರುಗಿಸಿ ಪಕ್ಕವನ್ನು ಪೂರ್ತಿಯಾಗಿ ತೋರಿಸಿತು. ಗೌಡರ ಬೆರಳು ಕುದುರೆಯನ್ನು ಮುಟ್ಟಿದ್ದೇ ಸಾಕಾಯಿತು. ಒಂದೇ ಗುಂಡು. ಅದು ಕುಳಿತಲ್ಲಿಯೇ ಒರಗಿತು; ನೋವನ್ನು ಅರಿಯಲೂ ಸಮಯವಿರಲಿಲ್ಲವೆಂದು ಭಾವಿಸುತ್ತೇನೆ.

ಗೌಡರು ನನ್ನ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ಸರ್ಯಾದ್ ಒತ್ಗೆ ಕೆಮ್ಮುದ್ರಿ ಕಣ್ರೀ ಅಯ್ನೋರೆ! ನೀವು ಇಂಗೆ ಅಂತ ಗೊತ್ತಿರ್ನಿಲ್ಲ. ಏನ್ ಧೈರ್ಯಾ, ಏನ್ ಉಪಾಯಾ!"

ಸತ್ಯವನ್ನೇ ನುಡಿಯಬೇಕೆಂದು ಜೀವನವಿಡೀ ಪುರಾಣ ಹೇಳಿದ ನಾನು ಆ ಕ್ಷಣದಲ್ಲಿ, "ಹ್ಞೂಂ," ಎಂದೆ.

ಅದೇ ನಾನು ಒಪ್ಪಿಕೊಳ್ಳಬೇಕಿದ್ದ ಎರಡನೆಯ ಸಂಗತಿ. ಕೆಮ್ಮಿ ಚಿರತೆಯನ್ನು ತಿರುಗಿಸಿದ ಅಯ್ನೋರು ಎಂದು ನನ್ನ ಕೀರ್ತಿ ಪಿರಿಯಾಪಟ್ಟಣದವರೆಗೂ ಹಬ್ಬಿತು. ಸಿದ್ದಮ್ಮ ಎಂದಿನಂತೆ ತೋಪಿನ ಬಾವಿಗೆ ಹೋಗಿ, ಮೊದಲ ಕೊಡ ನೀರನ್ನು ದೇವಸ್ಥಾನಕ್ಕೆ ತಂದಿಟ್ಟು ನನಗೆ ನಮಸ್ಕರಿಸಿದಳು. ಆ ನಮಸ್ಕಾರವನ್ನೂ ಇಟ್ಟುಕೊಂಡೆ. ಶಿಕ್ಷೆ ಮಾತ್ರ ಮನೆಯಲ್ಲೇ ಕಾದಿತ್ತು. "ಚಿರತೆಗೆ ಕೇಳೋ ಅಷ್ಟು ಕೆಮ್ಮೇ ನಿಮ್ಗೆ? ನನ್ನ ಹತ್ರಾನೂ ಮುಚ್ಚಿಟ್ರಲ್ಲಾ!" ಎಂದು ನನ್ನಾಕೆ ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಶುಂಠಿ, ಮೆಣಸು, ಆಡುಸೋಗೆ ಹಾಕಿದ ಕಹಿಕಷಾಯವನ್ನು ಲೋಟದ ತುಂಬ ತಂದಿಡುತ್ತಾಳೆ. ನನಗೆ ಕೆಮ್ಮಿಲ್ಲವೆಂದು ಹೇಳಿದರೆ ಕೆಮ್ಮಿದವರಾರೆಂದು ಹೇಳಬೇಕಾಗುತ್ತದೆ. ಆದ್ದರಿಂದ ಇಷ್ಟು ವರ್ಷಗಳಿಂದ ತಪ್ಪದೆ ಕುಡಿಯುತ್ತಿದ್ದೇನೆ.

ಇದರಲ್ಲಿ ಭಾಗಿಗಳಾದ ಎಲ್ಲರಿಗೂ ಮಂಗಳವಾಗಲಿ. ಸಿದ್ದಮ್ಮನ ಹೆಗಲು ಚಳಿಗಾಲದಲ್ಲಿ ನೋಯದಿರಲಿ. ಜವರೇಗೌಡರಿಗೆ ಇನ್ನೆಂದೂ ತಲೆ ತಗ್ಗಿಸುವ ದಿನ ಬಾರದಿರಲಿ. ಕರೀಂ ಸಾಬರ ಕಣ್ಣಿನ ಹೊಳಪು ಅವರ ಮಕ್ಕಳ ಕಣ್ಣಿಗೆ ಇಳಿಯಲಿ. ನಾವು ಕುಂಟು ಮಾಡಿದ ಆ ಮೃಗಕ್ಕೆ ಮುಂದಿನ ಜನ್ಮದಲ್ಲಿ ಕಾಡಿನ ತುಂಬ ಓಡಾಡುವ ನಾಲ್ಕು ಕಾಲುಗಳು ದೊರೆಯಲಿ. ಎಡಗಡೆ ಕುಳಿತು ಕೆಮ್ಮಿದ ಮಹನೀಯರಿಗೆ ಸದ್ಗತಿಯಾಗಲಿ. ಅವರ ಗಂಟಲು ಇಷ್ಟರಲ್ಲಿ ವಾಸಿಯಾಗಿರಬೇಕು, ಕಷಾಯವನ್ನು ನಾನು ಒಂದು ದಿನವೂ ಬಿಟ್ಟಿಲ್ಲ.