ಐವತ್ತಕ್ಕೆ ಹನ್ನೆರಡು ಪಡೆದ ಸಮುದ್ರ

ಸಮುದ್ರದ ಬಗ್ಗೆ ನಮ್ಮ ಚಿಕ್ಕಪ್ಪನಷ್ಟು ಅಧಿಕಾರದಿಂದ ಮಾತಾಡುವವರು ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಇರಲಿಲ್ಲ. ಅವರು ಸಮುದ್ರ ನೋಡಿರಲಿಲ್ಲ, ಅಷ್ಟೇ. ಚಾರ್ಮಾಡಿ ಘಾಟಿಯ ಮೊದಲ ತಿರುವಿಗೇ ಹೊಟ್ಟೆ ತೊಳಸಿ ಜೀಪು ವಾಪಸು ತಿರುಗಿಸುತ್ತಿದ್ದರು. ಚಿಕ್ಕಮ್ಮನೋ ಮಲ್ಪೆಯ ಕಡಲ ದಂಡೆಯಲ್ಲೇ ಬೆಳೆದವರು. ತವರಿನವರು ಬೊಂಬಾಯಿ ಸೇರಿದ ಮೇಲೆ ಅವರೂ ಘಾಟಿ ಇಳಿದಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಪಕ್ಕದ ಎಸ್ಟೇಟಿನ ಬಂಗಲೆ ಖಾಲಿ ಮಾಡುವವರು ಸಾಮಾನು ಮಾರಾಟಕ್ಕಿಟ್ಟರು. ಔಷಧಿ ಹೊಡೆಯುವ ಪಂಪು ತರಲು ಹೋದ ಚಿಕ್ಕಪ್ಪ ಚಿತ್ರವೊಂದನ್ನು ಹೊತ್ತು ತಂದರು. ಯಾರೋ ಆಧುನಿಕ ಕಲಾವಿದ ದೂರದೇಶದ ಕಡಲ ಸೀಮೆ ಕಂಡು, ಕಲ್ಲಿನ ಮೇಲೆ ಬರೆದು, ಒಂದೊಂದೇ ಬಣ್ಣವಾಗಿ ಕಾಗದಕ್ಕೆ ಒತ್ತಿದ ಕಲ್ಲಚ್ಚು. ಎರಡು ನೀಲಿ ಪಟ್ಟೆ, ಒಂದು ಕಿತ್ತಳೆ ತೇಪೆ, ಮೂರು ಕಪ್ಪು ಗೀರು.

“ನಿಂಗೋಸ್ಕರ ಸಮುದ್ರ ತಂದಿದೀನಿ.”

ಚಿಕ್ಕಮ್ಮ ಬಹಳ ಹೊತ್ತು ನೋಡಿದರು. “ಇದರಲ್ಲಿ ನೀರು ಯಾವುದು ಮಾರಾಯ್ರೆ?”

ಕಾಫಿಗೆ ಬಂದ ನಿವೃತ್ತ ಮೇಷ್ಟ್ರು ಚಿತ್ರದ ಮೂಲೆಯಲ್ಲಿ ಪೆನ್ಸಿಲಿನ 12/50 ಪತ್ತೆ ಹಚ್ಚಿದರು. “ಐವತ್ತಕ್ಕೆ ಹನ್ನೆರಡು. ಫೇಲು.” ಅದು ಐವತ್ತು ಪ್ರತಿಗಳಲ್ಲಿ ಹನ್ನೆರಡನೆಯದು ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಚಿಕ್ಕಪ್ಪನಿಗೆ ಕಲಾವಿದನ ಮೇಲೆ ಕನಿಕರ ಉಕ್ಕಿತು.

“ಪಾಪ, ಬಣ್ಣಕ್ಕೊಂದು ಕಲ್ಲು ಹೊತ್ತಿದಾನೆ. ಮಾರ್ಕ್ಸ್ ಕೊಟ್ಟೋನು ಸಮುದ್ರ ನೋಡಿದ್ನೋ ಇಲ್ವೋ.”

“ನೀವು ನೋಡಿದ್ದೀರಾ?” ಎಂದರು ಚಿಕ್ಕಮ್ಮ.

ಮೂರನೆಯ ದಿನ ಚಿಕ್ಕಪ್ಪ ಬಾಯಲ್ಲಿ ನಿಂಬೆಹೋಳು, ತೊಡೆಯ ಮೇಲೆ ಸಮುದ್ರ ಇಟ್ಟುಕೊಂಡು, ಕಣ್ಣು ಮುಚ್ಚಿ ಜೀಪು ಹತ್ತಿದರು. ಓಡಿಸಲು ತೋಟದ ಡ್ರೈವರ್, ಚಿಕ್ಕಮ್ಮ ಪಕ್ಕದಲ್ಲಿ, ನಾನು ಹಿಂದೆ. ಕೊಟ್ಟಿಗೆಹಾರದಿಂದ ಕೆಳಗೆ ಅವರು ಎಷ್ಟು ಸಲ ಜೀಪು ನಿಲ್ಲಿಸಲು ಹೇಳಿದರು ಎಂಬುದನ್ನು ಇಲ್ಲಿ ಬರೆಯದಿರುವುದು ಒಳ್ಳೆಯದು.

ಮಲ್ಪೆಯಲ್ಲಿ ಅಲೆಗಳಿಗೆ ಎದುರಾಗಿ ಚಿತ್ರ ಹಿಡಿದು ನಿಂತರು. ನೇರ ಹಿಡಿದರು, ತಲೆಕೆಳಗೆ ಹಿಡಿದರು, ಅಡ್ಡ ಹಿಡಿದರು. ಬಲೆ ಒಣಗಿಸುತ್ತಿದ್ದವನೊಬ್ಬ ಹತ್ತಿರ ಬಂದ.

“ಎಂತ ಮಾರಾಯ್ರೆ, ಸಮುದ್ರಕ್ಕೆ ಫೋಟೋ ತೋರಿಸುದಾ?”

“ಪೇಪರ್ ಇನ್ನೊಂದ್ಸಲ ತಿದ್ದಬೇಕು. ಸ್ವಲ್ಪ ಪಕ್ಕಕ್ಕೆ ಬನ್ನಿ,” ಎಂದರು ಚಿಕ್ಕಪ್ಪ ಗಂಭೀರವಾಗಿ.

ಅಭಿಪ್ರಾಯ ಕೇಳೋಣವೆಂದು ತಿರುಗಿದರೆ ಚಿಕ್ಕಮ್ಮ ಅಲ್ಲಿರಲಿಲ್ಲ. ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಅಲೆ ಬಂದಾಗಲೆಲ್ಲ ತುಳುವಿನಲ್ಲಿ ಏನೋ ಹೇಳಿ ಗಟ್ಟಿಯಾಗಿ ನಗುತ್ತಿದ್ದರು. ಆ ನಗು ನಾವ್ಯಾರೂ ಮನೆಯಲ್ಲಿ ಕೇಳಿರಲಿಲ್ಲ.

ಚಿಕ್ಕಪ್ಪ ಚಿತ್ರ ಕೆಳಗಿಳಿಸಿದರು.

“ಅವಳು ಸಮುದ್ರ ನೋಡಿ ಇಪ್ಪತ್ತೆರಡು ವರ್ಷ ಆಯ್ತು ಕಣೋ,” ಎಂದರು ನನಗೆ. “ಕರ್ಕೊಂಡು ಹೋಗಿ ಅಂತ ಒಂದು ದಿನಾನೂ ಕೇಳ್ಲಿಲ್ಲ ನೋಡು ಅವಳು.”

ಚಿತ್ರವನ್ನು ನನ್ನ ಕೈಗಿತ್ತು, ಪಂಚೆ ಎತ್ತಿ ಕಟ್ಟಿ, ಹೆದರುತ್ತ ಹೆದರುತ್ತಲೇ ನೀರಿಗಿಳಿದರು. ಚಿಕ್ಕಮ್ಮ ತಿರುಗಿ ನೋಡಿ ಕೈ ಚಾಚಿದರು.