ಏಳು ತೋಳ, ಒಬ್ಬ ಸೋದರಳಿಯ

ಶುಕ್ರವಾರ ಬೆಳಿಗ್ಗೆ ಎಸ್ಕೆಂದಿರ್ ಸ್ಕೀಗಳ ತಳಕ್ಕೆ ಮೇಣ ತಿಕ್ಕುತ್ತಾ ಕೂತಿದ್ದಾಗ ಫೋನು ಬಂತು. ಮಾತಾಡಿದವನು ಅಕ್ಕನ ಮಗ ಝಿಗೆರ್.

"ನಗಾಶಿ, ಮಧ್ಯಾಹ್ನ ಮನೇಲಿರ್ತೀರಾ? ಊಟಕ್ಕೆ ಬರ್ತೀನಿ. ನಂದು ಮೂರನೇದು ಇನ್ನೂ ಬಾಕಿ ಇದೆಯಲ್ಲ, ಅದನ್ನೂ ಇವತ್ತೇ ಮುಗಿಸ್ಬಿಡೋಣ."

ಎಸ್ಕೆಂದಿರನ ಕೈಯಿಂದ ಮೇಣದ ತುಂಡು ಜಾರಿ ಬಿತ್ತು.

ಸೋದರಳಿಯ ಬರುವುದಕ್ಕಿಂತ ಏಳು ತೋಳ ಬಂದರೆ ವಾಸಿ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ತೋಳ ಹೊಟ್ಟೆ ತುಂಬಿದ ಮೇಲೆ ಹೊರಟುಹೋಗುತ್ತದೆ. ಸೋದರಳಿಯನಿಗೆ ಮಾತ್ರ ನಗಾಶಿಯ, ಅಂದರೆ ತಾಯಿಯ ಅಣ್ಣತಮ್ಮಂದಿರ ಮನೆಯಿಂದ ಜೀವಮಾನದಲ್ಲಿ ಮೂರು ಸಲ ಏನು ಬೇಕಾದರೂ ಕೇಳಿ ಒಯ್ಯುವ ಹಕ್ಕಿದೆ. ಇಲ್ಲ ಎಂದವನ ಕೈ ಸಾಯುವ ತನಕ ನಡುಗುತ್ತದಂತೆ. ಝಿಗೆರ್ ಬೆಟ್ಟದ ಪಡೆಯಲ್ಲಿ ಸೈನ್ಯ ಸೇವೆ ಮುಗಿಸಿ ಬಂದ ವರ್ಷ ದುರ್ಬೀನು ಒಯ್ದ. ಮದುವೆಯಾದ ವರ್ಷ ಹೊಸ ಫ್ರಿಜ್ಜು ಒಯ್ದ, ಒಳಗಿದ್ದ ಕುದುರೆ ಮಾಂಸದ ಸಮೇತ. ಅದನ್ನು ನಾಲ್ಕು ಮಹಡಿ ಇಳಿಸುವಾಗ ಒಂದು ಕಡೆ ಹಿಡಿದುಕೊಂಡವನೂ ಎಸ್ಕೆಂದಿರನೇ.

ಈ ಸಲ ಅವನ ಕಣ್ಣು ಯಾವುದರ ಮೇಲೆ ಎಂದು ತಿಳಿಯಲು ಕಾಳು ಹಾಕಿ ಶಕುನ ಕೇಳಬೇಕಾಗಿರಲಿಲ್ಲ. ಹೋದ ತಿಂಗಳು ಬಂದಾಗ ಇದೇ ಸ್ಕೀಗಳನ್ನು ಕುದುರೆಯ ಕತ್ತು ಸವರುವ ಹಾಗೆ ಸವರಿ, ನಿಟ್ಟುಸಿರು ಬಿಟ್ಟು ಹೋಗಿದ್ದ.

ಸ್ಕೀ ಹೋದರೆ ಬರೀ ಸ್ಕೀ ಹೋಗುತ್ತಿರಲಿಲ್ಲ, ಮಾನವೂ ಹೋಗುತ್ತಿತ್ತು. ಎಸ್ಕೆಂದಿರ್ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಅಲ್ಮಾಟಿಯ ಮೇಲಿನ ಬೆಟ್ಟಗಳಲ್ಲಿ ಯಾವ ಕೊರಕಲಿನ ಹಿಮ ಮೇ ತಿಂಗಳಲ್ಲಿ ಕರಗುತ್ತದೆ, ಯಾವುದು ಜೂನ್ ತನಕ ಉಳಿಯುತ್ತದೆ ಎಂದು ಜನವರಿಯಲ್ಲೇ ಲೆಕ್ಕ ಹಾಕಿ, ಗೆಳೆಯರಿಗಾಗಿ ಇಡೀ ಬೇಸಿಗೆಯ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದ. ಗೆಳೆಯರು ಆ ಪಟ್ಟಿ ಹಿಡಿದು ಪ್ರತಿ ಶನಿವಾರ ಜಾರಿ ಬಂದರು. ಪಟ್ಟಿ ಬರೆದವನು ಮಾತ್ರ ಒಮ್ಮೆ ಅತ್ತೆಯ ತೋಟದಲ್ಲಿ ಆಲೂಗಡ್ಡೆ ನೆಟ್ಟ, ಒಮ್ಮೆ ನಾದಿನಿಯ ಮದುವೆಯಲ್ಲಿ ಬಡಿಸಿದ, ಇನ್ನೊಮ್ಮೆ ಜ್ವರ ಬಂದು ಮಲಗಿದ. ಈಗ ಉಳಿದಿರುವುದು ಒಂದೇ ಕೊರಕಲು. ನಾಳೆ ಬಿಟ್ಟರೆ ಅಲ್ಲಿಯೂ ಕಲ್ಲೇ.

ಗುಂಪಿನ ಯಜಮಾನ ಸಪರ್ಗಲಿ, ಎಸ್ಕೆಂದಿರನ ಸ್ವಂತ ಸೋದರಮಾವ. ಅರುವತ್ತೆಂಟು ವಯಸ್ಸು, ನಾಲ್ಕು ಸೀಟಿನ ಜೀಪು, ಎರಡು ಕಾನೂನು. ಸ್ಕೀ ಇಲ್ಲದವನಿಗೆ ಜೀಪಿನಲ್ಲಿ ಜಾಗವಿಲ್ಲ. ಇಡೀ ಬೇಸಿಗೆ ಒಂದು ಸಲವೂ ಬಾರದವನ ಹೆಸರು ಮುಂದಿನ ವರ್ಷ ಗುಂಪಿನಲ್ಲಿಲ್ಲ. ಜೀಪು ಸಂಜೆ ಆರಕ್ಕೆ ಬರುವುದು, ಕುರಿಗಾಹಿಯ ಗುಡಾರದಲ್ಲಿ ತಂಗಿ ಬೆಳಗಾಗುತ್ತಲೇ ಹತ್ತುವುದು ಎಂದು ತೀರ್ಮಾನವಾಗಿತ್ತು.

ಎಸ್ಕೆಂದಿರ್ ಸ್ಕೀಗಳನ್ನು ಅವುಚಿಕೊಂಡು ಎದುರುಮನೆಯ ಅಜ್ಜಿ ನೂರಿಲಾ ಅಪಾಳ ಬಾಗಿಲು ಬಡಿದ.

"ಜೂನ್ ತಿಂಗಳಲ್ಲಿ ಸ್ಕೀ! ಜ್ವರ ಇನ್ನೂ ಬಿಟ್ಟಿಲ್ವೇನೋ?" ಎಂದಳು ಮುದುಕಿ.

"ಅಪಾ, ಸಂಜೆವರೆಗೆ ಇಟ್ಕೊಳ್ಳಿ. ಯಾರಿಗೂ ಹೇಳ್ಬೇಡಿ."

"ಕದ್ದ ಮಾಲಾ?"

"ನಂದೇ ಅಪಾ."

"ನಿಂದೇ ಆದ್ರೆ ಗುಟ್ಟು ಯಾಕೆ?"

ನಿಜ ಹೇಳುವಂತಿರಲಿಲ್ಲ. ಅಪಾಳ ತಂದೆ ತನ್ನ ಓಟದ ಕುದುರೆಯನ್ನು ಸೋದರಳಿಯನಿಗೆ ಕೊಟ್ಟು ಬರಿಗಾಲಲ್ಲಿ ಮನೆಗೆ ನಡೆದು ಬಂದವನು. ಆ ಕತೆಯನ್ನು ಅವಳು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು. "ನಮ್ಮನೇಲಿ ಜಾಗ ಇಲ್ಲ ಅಪಾ," ಎಂದ. ಅಪಾ ಗೊಣಗುತ್ತಲೇ ಸ್ಕೀಗಳನ್ನು ಸ್ನಾನದ ತೊಟ್ಟಿಯೊಳಗೆ ನಿಲ್ಲಿಸಿದಳು.

ಹನ್ನೆರಡಾಯಿತು, ಎರಡಾಯಿತು, ಝಿಗೆರ್ ಬರಲಿಲ್ಲ. ನಾಲ್ಕಾಯಿತು. ಎಸ್ಕೆಂದಿರ್ ಕಿಟಕಿಗೂ ಬಾಗಿಲಿಗೂ ನಡೆದು ನಡೆದು ಜಮಖಾನ ಸವೆಸಿದ. ಬಾರದೇ ಇದ್ದರೆ ಎಷ್ಟು ಚೆನ್ನ ಎಂಬ ಆಸೆ ಹುಟ್ಟುವಷ್ಟರಲ್ಲಿ, ನಾಲ್ಕೂವರೆಗೆ ಬಾಗಿಲ ಗಂಟೆ ಸದ್ದು ಮಾಡಿತು.

ಝಿಗೆರನ ಬೆನ್ನ ಮೇಲೆ ಆಳೆತ್ತರದ ಚೀಲ. ಹೊತ್ತೊಯ್ಯಲು ತಯಾರಾಗಿಯೇ ಬಂದಿದ್ದಾನೆ ಎಂದುಕೊಂಡ ಎಸ್ಕೆಂದಿರ್. ಹೆಂಡತಿ ಶಿನಾರ್ ಸಂಭ್ರಮದಿಂದ ಮಾಂಸದ ತಟ್ಟೆ ತಂದಿಟ್ಟಳು.

ಮೊದಲ ತುತ್ತಿಗೇ ಝಿಗೆರ್ ಮೂಲೆ ನೋಡಿದ. "ನಗಾಶಿ, ಅಲ್ಲಿದ್ದ ಸ್ಕೀ ಎಲ್ಲಿ?"

"ರಿಪೇರಿಗೆ ಕೊಟ್ಟಿದ್ದೀನಿ. ಬೂಟು ಸಿಕ್ಕಿಸೋ ಕೊಂಡಿ ಮುರೀತು."

"ಬೆಳಿಗ್ಗೆ ಮೇಣ ಹಚ್ತಾ ಇದ್ರಲ್ಲ?" ಎಂದಳು ಶಿನಾರ್.

"ಹಚ್ಚಿದ ಮೇಲೆ ಮುರೀತು."

"ಹಾಗಾದ್ರೆ ಸಂಜೆ ಹೆಂಗೆ ಹೋಗ್ತೀರಿ?"

"ದಾರೀಲಿ ಎತ್ಕೊಂಡು ಹೋಗ್ತೀನಿ, ನೀನು ಚಹಾ ಹಾಕು."

ಝಿಗೆರ್ ಏನೋ ಲೆಕ್ಕ ಹಾಕುವವನಂತೆ ನಿಧಾನವಾಗಿ ಅಗಿದ. ಅಷ್ಟರಲ್ಲಿ ಮಾಂಸದ ವಾಸನೆ ಹಿಡಿದು ನೂರಿಲಾ ಅಪಾ ಬಂದು, ಹಿರಿಯರ ಜಾಗದಲ್ಲಿ ಕೂತಳು.

"ಎಸ್ಕೆಂದಿರ್, ನಾನು ಸ್ನಾನ ಮಾಡ್ಬೇಕು ಕಣೋ. ನನ್ನ ತೊಟ್ಟೀಲಿ..."

"ಅಪಾ, ಚಹಾ!"

"ಚಹಾ ಆಮೇಲೆ. ತೊಟ್ಟೀಲಿ ಆ..."

"ಅಪಾ, ಮಾಂಸ!" ಎಂದು ಅವನು ದೊಡ್ಡ ತುಂಡನ್ನೇ ಅವಳ ಬಾಯಿಗೆ ಇಟ್ಟ. ಕೈಯಿಂದ ತಿನ್ನಿಸುವುದು ನಮ್ಮಲ್ಲಿ ಗೌರವವಾದ್ದರಿಂದ ಅಪಾ ತುಂಬಾ ಹೊತ್ತು ಅದನ್ನು ಅಗಿದಳು.

ಐದೂಕಾಲಾಯಿತು. ಇನ್ನು ತಡಮಾಡಿದರೆ ಅಪಾಳ ಬಾಯಿ ಖಾಲಿಯಾಗುತ್ತಿತ್ತು. ಎಸ್ಕೆಂದಿರ್ ಎದೆಯುಬ್ಬಿಸಿ ಧಾರಾಳಿಯಾದ.

"ಕೇಳಪ್ಪ ಝಿಗೆರ್, ಏನು ಬೇಕು? ಈ ಮನೇಲಿ ಏನಿದ್ರೂ ಸರಿ, ನಂದು ಅಂತ ಏನಿದ್ರೂ ಸರಿ. ಅಪಾ ಸಾಕ್ಷಿ. ಇಲ್ಲ ಅಂದ್ರೆ ನಾನು ನಿಮ್ಮಮ್ಮನ ತಮ್ಮನೇ ಅಲ್ಲ."

"ಹೀಗಿರ್ಬೇಕು ಗಂಡಸು!" ಎಂದು ಅಪಾ ಅಂಗೈ ಬಿಡಿಸಿ ಹರಸಿದಳು. "ನಮ್ಮಪ್ಪ ಕುದುರೆ ಕೊಟ್ಟಾಗ..."

ಝಿಗೆರ್ ಕೈ ಒರೆಸಿಕೊಂಡ. "ಸಪರ್ಗಲಿ ಅಜ್ಜನ ಜೀಪಲ್ಲಿ ಇವತ್ತು ನಿಮ್ಮದೊಂದು ಸೀಟಿದೆಯಲ್ಲ ನಗಾಶಿ? ಅದು ಬೇಕು."

ಎಸ್ಕೆಂದಿರ್ ಮೂಲೆಯ ಖಾಲಿ ಜಾಗವನ್ನೂ ಆಳೆತ್ತರದ ಚೀಲವನ್ನೂ ನೋಡಿದ.

"ಚಳಿಗಾಲ ಪೂರ್ತಿ ಆ ಕೊರಕಲು, ಈ ಕೊರಕಲು ಅಂತ ಹೇಳಿ ಹೇಳಿ ನೀವೇ ನನಗೆ ಹುಚ್ಚು ಹಿಡಿಸಿದ್ರಿ. ಅಜ್ಜನ್ನ ಕೇಳ್ದೆ. ಯಾರಾದ್ರೂ ಸೀಟು ಬಿಟ್ಟುಕೊಟ್ರೆ ಬಾ ಅಂದ್ರು. ಬಟ್ಟೆಬರೆ ಚೀಲಕ್ಕೆ ತುಂಬ್ಕೊಂಡೇ ಬಂದೆ."

ಎಸ್ಕೆಂದಿರ್ ಅಡುಗೆಮನೆಗೆ ಓಡಿ, ತನ್ನದೇ ಪಟ್ಟಿಯ ಕೆಳಗೆ ನಿಂತು ಸಪರ್ಗಲಿಗೆ ಫೋನು ಮಾಡಿದ. "ನಗಾಶಿ, ನಾನೂ ನಿಮ್ಮ ಅಕ್ಕನ ಮಗ. ನನ್ನ ಹಕ್ಕು ಕೇಳ್ತಿದ್ದೀನಿ. ಜೀಪಲ್ಲಿ ಸೀಟು ಕೊಡಿ."

"ನಿನ್ನ ಮೂರೂ ಮುಗೀತಲ್ಲೋ. ಮೂರನೇದು ಆ ಹೊಸ ಸ್ಕೀ. ಜನವರೀಲಿ ನನ್ನ ಮನೆಯಿಂದ ಹೊತ್ಕೊಂಡು ಹೋದೆ. ಅವತ್ತಿಂದ ನಾನು ಹಳೇ ಹಲಗೆ ಮೇಲೆ ಬೀಳ್ತಾ ಇದ್ದೀನಿ."

"ವಾಪಸ್ ಕೊಡ್ತೀನಿ!"

"ಕೊಟ್ಟಿದ್ದನ್ನ ವಾಪಸ್ ತಗೊಂಡ್ರೆ ಜನ ಉಗೀತಾರೆ. ಇರೋದು ನಾಲ್ಕೇ ಸೀಟು. ಅದಿರ್ಲಿ, ಆ ಝಿಗೆರ್ ಹತ್ರ ಸ್ಕೀ ಇದೆಯೇನು? ನನ್ನ ಕಾನೂನು ಗೊತ್ತಲ್ಲ."

ಹೋದ ಜೀವ ಬಂದಂತಾಯಿತು. ಎಸ್ಕೆಂದಿರ್ ಮುಖ ಅರಳಿಸಿಕೊಂಡು ಬಂದ. "ಸೀಟು ಕೊಟ್ಟೆ ಕಣಪ್ಪ, ಸಂತೋಷವಾಗಿ ಕೊಟ್ಟೆ! ಆದ್ರೆ ಸ್ಕೀ ಇಲ್ಲದವನನ್ನ ಅಜ್ಜ ಹತ್ತಿಸ್ಕೊಳ್ಳಲ್ವಂತೆ. ನಿಂದು ಎಲ್ಲಿ?"

ಝಿಗೆರನ ಮುಖ ಸಣ್ಣದಾಯಿತು. "ನಿಮ್ಮದನ್ನೇ ಭಾನುವಾರದವರೆಗೆ ಎರವಲು ಕೇಳೋಣ ಅಂತಿದ್ದೆ. ಮುರಿದಿದೆ ಅಂದ್ರಿ. ನೀವು ದಾರೀಲಿ ಎತ್ಕೊಳ್ಳೋದಲ್ವಾ? ಅಂಗಡಿ ಎಲ್ಲಿ ಹೇಳಿ."

"ಅದು... ಅಂಗಡಿಯವನು ಫೋನು ಮಾಡಿದ್ದ. ಇವತ್ತು ಆಗಲ್ವಂತೆ. ಪಾಪ, ನೀನೂ ಹೋಗೋ ಹಾಗಿಲ್ಲ."

ನೂರಿಲಾ ಅಪಾ ಅಗಿಯುವುದನ್ನು ನಿಲ್ಲಿಸಿದಳು. ಮೊಣಕಾಲು ಹಿಡಿದು ಎದ್ದು ಹೊರಗೆ ಹೋದಳು. ಎದುರುಮನೆಯ ಬಾಗಿಲು ಕಿರುಗುಟ್ಟಿತು. ಅವಳು ತಿರುಗಿ ಬಂದಾಗ ಎರಡೂ ಸ್ಕೀ ಹೆಗಲ ಮೇಲಿದ್ದವು.

"ಸೋದರಳಿಯ ಬರ್ತಾನೆ ಅಂತ ನನ್ನ ಸ್ನಾನದ ತೊಟ್ಟೀಲಿ ಬಚ್ಚಿಡ್ತೀಯೇನೋ? ಥೂ! ನಮ್ಮಪ್ಪ ಕುದುರೆ ಕೊಟ್ಟ, ಲಗಾಮೂ ಕೊಟ್ಟ."

ಶಿನಾರ್ ಗಂಡನ ಕಡೆ ನೋಡಿದ ನೋಟದಲ್ಲಿ ಮುಂದಿನ ಹತ್ತು ಶನಿವಾರಗಳ ಆಲೂಗಡ್ಡೆ ಕೆಲಸವಿತ್ತು. ಎಸ್ಕೆಂದಿರನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

"ಬೂಟು ಬೇಕಲ್ಲ," ಎಂದ ಕೊನೆಯ ಆಸೆಯಿಂದ. "ನನ್ನದು ನಿನಗಾಗಲ್ಲ."

ಝಿಗೆರ್ ಬಾಗಿಲ ಬಳಿಯಿದ್ದ ಬೂಟಿಗೆ ಕಾಲು ತೂರಿಸಿದ. ಅಳತೆ ಕೊಟ್ಟು ಹೊಲಿಸಿದಂತಿತ್ತು. "ನೋಡಿ ನಗಾಶಿ, ರಕ್ತ ಸಂಬಂಧ!" ಎಂದು ಮಾವನನ್ನು ತಬ್ಬಿಕೊಂಡ.

ಆರಕ್ಕೆ ಸರಿಯಾಗಿ ಕೆಳಗೆ ಹಾರ್ನ್ ಕೂಗಿತು. ಸ್ಕೀಗಳು ಜೀಪಿನ ನೆತ್ತಿಗೇರಿದವು. ಸಪರ್ಗಲಿ ಕಿಟಕಿಯಿಂದ ತಲೆ ಹೊರಹಾಕಿ ನಾಲ್ಕನೇ ಮಹಡಿಗೆ ಕೇಳುವಂತೆ ಕೂಗಿದ. "ಮುಂದಿನ ವರ್ಷಕ್ಕೆ ಝಿಗೆರ್ ಹೆಸರು ಬರ್ಕೊಂಡೆ ಕಣೋ! ಜನವರೀಲಿ ಪಟ್ಟಿ ಮಾತ್ರ ನೀನೇ ಮಾಡ್ಕೊಡು. ನಿನ್ನಷ್ಟು ಚೆನ್ನಾಗಿ ಯಾರೂ ಮಾಡಲ್ಲ!"

ಎಸ್ಕೆಂದಿರ್ ಬಾಲ್ಕನಿಯಿಂದ ಕೈ ಎತ್ತಿ ಬೀಸಿದ. ಪಕ್ಕದಲ್ಲಿ ನಿಂತಿದ್ದ ಅಪಾ ಆ ಕೈಯನ್ನೇ ನೋಡಿದಳು.

"ಎಲ್ಲಾ ಕೊಟ್ಟಾಯ್ತಲ್ಲೋ," ಎಂದಳು, "ಮತ್ತೆ ಕೈ ಯಾಕೆ ನಡುಗ್ತಿದೆ?"