ಉತ್ತರದಲ್ಲಿರುವ ದಕ್ಷಿಣ ಮತ್ತು ಅಮ್ಮನ ತಲೆದಿಂಬು

ಗೊತ್ತಿಲ್ಲದ್ದನ್ನು ಕಲಿಯುವುದಕ್ಕಿಂತ ಗೊತ್ತಿರುವುದನ್ನು ಹೇಳದೆ ಇರುವುದು ಕಷ್ಟ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವರಲ್ಲಿ ಈ ಕಾಯಿಲೆ ಜಾಸ್ತಿ ಎಂಬುದು ನನ್ನ ಹೆಂಡತಿ ಸುಮಾಳ ಅಭಿಪ್ರಾಯ. ಕುಕ್ಕರ್ ಕೂಗಿದರೆ ನಾನು ಆವಿಯ ಒತ್ತಡದ ಬಗ್ಗೆ ಮಾತಾಡುತ್ತೇನಂತೆ, ಎದ್ದು ಹೋಗಿ ಒಲೆ ಆರಿಸುವುದಿಲ್ಲವಂತೆ. ಇರಬಹುದು. ನನಗೆ ನೆನಪಿರುವುದು ಒಲೆ ಆರಿಸಿದ ಸಂದರ್ಭಗಳು ಮಾತ್ರ. ಅದಕ್ಕೇ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಕಾಯಿಲೆ ಉಲ್ಬಣಿಸಿದ್ದು ಅಮ್ಮನ ಮಂಡಿ ಆಪರೇಷನ್ ಆದಮೇಲೆ. ವಿರೂಪಾಕ್ಷಿಪುರದ ಕಡೆಯ ಊರಿನಿಂದ ಅವಳನ್ನು ಚನ್ನಪಟ್ಟಣದ ನಮ್ಮ ಮನೆಗೆ ಕರೆತಂದಿದ್ದೆವು. ಬಚ್ಚಲು ಅಂಟಿಕೊಂಡಿರುವ ಕೋಣೆ ಮನೆಯಲ್ಲಿ ಒಂದೇ. ಅಲ್ಲಿ ಕಾಲು ತಿರುಚದೆ ಮಂಚದಿಂದ ಇಳಿದು ವಾಕರ್ ಹಿಡಿಯಬೇಕಾದರೆ ಮಂಚ ಒಂದೇ ರೀತಿ ಕೂರುತ್ತದೆ: ತಲೆ ಉತ್ತರಕ್ಕೆ. ಅಮ್ಮ ಬಾಗಿಲಲ್ಲೇ ನಿಂತಳು. “ಉತ್ತರುಕ್ ತಲೆ ಹಾಕ್ಕಂಡ್ ಮಲಗಾಕಿಲ್ಲ ಕಣಪ್ಪ ನಾನು. ಯಾರ್ ಹೇಳುದ್ರೂ ಅಷ್ಟೇಯ,” ಎಂದು ಹಾಲ್‌ನಲ್ಲಿದ್ದ ದಿವಾನದ ಮೇಲೆ ಬಿಡಾರ ಹೂಡಿದಳು. ಅದು ನೆಲಕ್ಕೆ ಹತ್ತಿರ. ಅವಳನ್ನು ಎಬ್ಬಿಸಲು ನಾವಿಬ್ಬರೂ ಕಂಕುಳಿಗೆ ಕೈ ಕೊಡಬೇಕು. ಬಿದ್ದರೆ ಮಾಡಿದ ಆಪರೇಷನ್ ಎಲ್ಲಾ ನೀರುಪಾಲು ಎಂದು ಡಾಕ್ಟರು ಎಚ್ಚರಿಸಿದ್ದರು. ಎರಡನೇ ದಿನವೇ ಅಮ್ಮ ಜಾರಿದಳು. ಸುಮಾ ಸೆರಗು ಸಮೇತ ತಬ್ಬಿ ಹಿಡಿದುಕೊಂಡದ್ದರಿಂದ ಉಳಿದಳು.

ಕೈ ಮುಗಿದು ಬೇಡಿಕೊಂಡಿದ್ದರೆ ಬಹುಶಃ ಒಪ್ಪುತ್ತಿದ್ದಳು. ನಾನು ವಿವರಿಸಿದೆ.

“ಅಮ್ಮಾ, ಉತ್ತರಕ್ಕೆ ತಲೆ ಬೇಡ ಅನ್ನೋದಕ್ಕೆ ಜನ ಭೂಮಿಯ ಅಯಸ್ಕಾಂತದ ಕಾರಣ ಕೊಡ್ತಾರೆ. ನಿಜ ಹೇಳಬೇಕಂದ್ರೆ, ಉತ್ತರದಲ್ಲಿರೋದು ಉತ್ತರ ಧ್ರುವವೇ ಅಲ್ಲ.”

“ಮತ್ತಿನ್ನೇನೈತೆ ಅಲ್ಲಿ?”

ಅಷ್ಟು ಸಾಕಾಯಿತು ನನಗೆ. ಎರಡು ಚಮಚ ತಂದು ಅವನ್ನೇ ಅಯಸ್ಕಾಂತ ಮಾಡಿಕೊಂಡು ಶುರುಮಾಡಿದೆ. ದಿಕ್ಸೂಚಿಯ ಮುಳ್ಳಿನಲ್ಲಿ ಉತ್ತರದ ಕಡೆ ತಿರುಗುವ ತುದಿಗೆ ಹಿಂದಿನವರು ಉತ್ತರ ಧ್ರುವ ಎಂದೇ ಹೆಸರಿಟ್ಟುಬಿಟ್ಟರು. ಆದರೆ ಅಯಸ್ಕಾಂತದಲ್ಲಿ ಒಂದನ್ನೊಂದು ಸೆಳೆಯುವುದು ವಿರುದ್ಧ ಧ್ರುವಗಳು. ಮುಳ್ಳಿನ ಉತ್ತರವನ್ನು ಎಳೆದುಕೊಳ್ಳಬೇಕಾದರೆ ಭೂಮಿಯ ಆ ತುದಿಯಲ್ಲಿ ಇರಬೇಕಾದ್ದು ದಕ್ಷಿಣ ಧ್ರುವ. ಭೂಪಟದವರು ಮಾತ್ರ, ಉತ್ತರದಲ್ಲಿದೆಯಲ್ಲ ಎಂದು, ಅದನ್ನು ಉತ್ತರ ಕಾಂತಧ್ರುವ ಎಂದೇ ಕರೆಯುತ್ತಾರೆ. ಹೆಸರಿಗೂ ಸ್ವಭಾವಕ್ಕೂ ಸಂಬಂಧವಿಲ್ಲದಿರುವುದು ಭೂಮಿಯಲ್ಲೂ ಉಂಟು ಎಂದು ನಾನು ಸ್ವಲ್ಪ ನಕ್ಕೆ ಕೂಡ.

ಅಮ್ಮ ನಗಲಿಲ್ಲ. “ಅಂದ್ರೆ ಉತ್ತರದಾಗೆ ಇರಾದು ದಕ್ಷಿಣ?”

“ಹೌದಮ್ಮ.”

“ದಕ್ಷಿಣ ಅಂದ್ರೆ ಯಮನ್ ದಿಕ್ಕು. ಅವ್ನು ಅಲ್ ಕುಂತವ್ನೆ ಅಂತ ನೀನೇ ಹೇಳ್ತೀಯ, ಅಲ್ಲಿಗೇ ತಲೆ ಕೊಡು ಅಂತ್ಲೂ ನೀನೇ ಹೇಳ್ತೀಯ. ಏನ್ಲಾ ನಿನ್ ಬುದ್ಧಿ?”

ಅಡುಗೆಮನೆಯಲ್ಲಿ ಸುಮಾ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು. ಸಮಾಧಾನ ಮಾಡಲು ಹೋಗಿ, ಆ ಧ್ರುವ ಒಂದೇ ಕಡೆ ನಿಲ್ಲುವುದಿಲ್ಲ, ವರ್ಷ ವರ್ಷವೂ ಜಾಗ ಬದಲಿಸುತ್ತಿರುತ್ತದೆ ಎಂದೂ ಹೇಳಿದೆ.

“ಒಂದ್ ಕಡೆ ಕುಂತಿದ್ರೆ ತಪ್ಪುಸ್ಕಬೋದಿತ್ತು. ಓಡಾಡ್ತಾವ್ನೆ ಅಂದ್ರೆ ಎಲ್ಲಿಗ್ ತಲೆ ಹಾಕಾನ ಹೇಳು?”

ಅಂದು ದಿವಾನವೂ ಬೇಡವೆಂದು ಕುರ್ಚಿಯಲ್ಲೇ ಒರಗಿಕೊಂಡಳು. ಬೆಳಗ್ಗೆ ಮಂಡಿ ಊದಿತ್ತು. “ಇನ್ನೊಂದು ಕ್ಲಾಸ್ ತಗೊಳ್ಳಿ, ಅತ್ತೆ ನಿಂತ್ಕೊಂಡೇ ನಿದ್ದೆ ಮಾಡ್ತಾರೆ,” ಎಂದಳು ಸುಮಾ. ಈ ಮಾತು ಹೇಳುವಾಗ ಅವಳು ನಗುತ್ತಿರಲಿಲ್ಲ.

ನಾನು ಕೆಲಸ ಮಾಡುವುದು ಬಿಡದಿಯ ಒಂದು ಕಾರ್ಖಾನೆಯಲ್ಲಿ. ರೈಲಿನಲ್ಲಿ ಪಕ್ಕ ಕೂತಿದ್ದ ಸಹೋದ್ಯೋಗಿ ನಾಗೇಶನ ಹತ್ತಿರ ಸಂಕಟ ತೋಡಿಕೊಂಡೆ. ರಾಮನಗರದ ಬಂಡೆಗಳನ್ನು ಭಾನುವಾರ ಹತ್ತಿ ಇಳಿಯುವ ಆಸಾಮಿ. ಬ್ಯಾಗಿನಿಂದ ದಿಕ್ಸೂಚಿ ತೆಗೆದು, “ಬಾಯಲ್ ಹೇಳುದ್ರೆ ಆಗಕಿಲ್ಲ ಸಾ, ಕಣ್ಣಿಗ್ ತೋರ್ಸಿ,” ಎಂದು ಕೊಟ್ಟ. ಮುಳ್ಳೆಂದರೆ ಬರೀ ಮುಳ್ಳು, ಅದರಲ್ಲಿ ಯಮನೂ ಇಲ್ಲ ಗಿಮನೂ ಇಲ್ಲ ಎಂದು ತೋರಿಸುವುದು ನನ್ನ ಉದ್ದೇಶ.

ಸಂಜೆ ಅಮ್ಮನನ್ನು ವಾಕರ್‌ನಲ್ಲಿ ಮೆಲ್ಲಗೆ ಕೋಣೆಗೆ ನಡೆಸಿಕೊಂಡು ಬಂದು, ಮಂಚದ ಪಕ್ಕದ ಸ್ಟೂಲಿನ ಮೇಲೆ ದಿಕ್ಸೂಚಿ ಇಟ್ಟೆ. ಕೆಂಪು ಮುಳ್ಳು ಗಿರಕಿ ಹೊಡೆದು, ತೂಗಾಡಿ, ಪಶ್ಚಿಮದ ಗೋಡೆಗೆ ನಿಲ್ಲಿಸಿದ್ದ ಉಕ್ಕಿನ ಬೀರುವನ್ನು ನೆಟ್ಟಗೆ ತೋರಿಸಿ ನಿಂತಿತು.

“ಕೆಂಪುಂದು ಉತ್ತರ ತಾನೆ?” ಎಂದಳು ಅಮ್ಮ.

“ಹೌದು, ಆದರೆ—”

“ಅಂಗಾರೆ ಬೀರು ಇರಾದು ಉತ್ತರ. ದಿಂಬು ಪೂರ್ವುಕ್ಕೈತೆ. ಇದ್ಕಿಂತ ಒಳ್ಳೇದ್ ಇನ್ಯಾವ್ದು? ಮೊದ್ಲೇ ಹೇಳಾಕೇನಾಗಿತ್ತೋ ನಿಂಗೆ?”

“ಅದು ಕಬ್ಬಿಣ ಅಮ್ಮಾ, ಮುಳ್ಳನ್ನ—”

ಸುಮಾ ನನ್ನ ಕಾಲು ತುಳಿದಳು. ಅಷ್ಟರಲ್ಲಿ ಅಮ್ಮ ಮಂಚದ ಮೇಲೆ ಕಾಲು ನೀಡಿಯಾಗಿತ್ತು. “ಒಸಿ ಫ್ಯಾನ್ ಹಾಕವ್ವ,” ಎಂದು ಸೊಸೆಗೆ ಹೇಳಿ ಕಣ್ಣು ಮುಚ್ಚಿದಳು.

ಅಂದಿನ ದಿನಚರಿಯಲ್ಲಿ ‘ಅಮ್ಮ ಮೋಸಹೋದಳು’ ಎಂದು ಬರೆದಿದ್ದೇನೆ. ಈಗ ಓದಿದರೆ ಅನುಮಾನ ಬರುತ್ತದೆ. ಜೀವಮಾನವೆಲ್ಲ ಹೊಲದಲ್ಲಿ ಬಿಸಿಲು ನೋಡಿ ಹೊತ್ತು ಹೇಳಿದವಳು. ಬೀರುವಿನ ಎದುರಿನ ಕಿಟಕಿಯಲ್ಲಿ ದಿನಾ ಬೆಳಗ್ಗೆ ಎಳೆಬಿಸಿಲು ಬೀಳುವುದು ಅವಳಿಗೆ ಕಾಣದೆ ಇರುತ್ತದೆಯೇ? ನೋವು ತಡೆಯಲಾಗದೆ, ಆಡಿದ ಮಾತಿಗೆ ಕುಂದು ಬಾರದಂತೆ ಮಲಗಲು ಒಂದು ನೆಪ ಹುಡುಕುತ್ತಿದ್ದಳೋ ಏನೋ. ಕೇಳಲಿಲ್ಲ. ಕೇಳಿದರೆ ನಾನು ಮತ್ತೆ ವಿವರಿಸಬೇಕಾಗುತ್ತಿತ್ತು.

ದಿಕ್ಸೂಚಿ ವಾಪಸು ಪಡೆಯಲು ನಾಗೇಶ ಮನೆಗೆ ಬಂದಾಗ ಅಮ್ಮ ಆರಾಮಾಗಿ ಒರಗಿ ಕಾಫಿ ಕುಡಿಯುತ್ತಿದ್ದಳು. ಊತ ಇಳಿದಿತ್ತು. ಮಂಚಕ್ಕೆ ತಗಲಿ ಅರ್ಧ ಮಾತ್ರ ತೆರೆಯುವ ಬೀರುವಿನ ಬಾಗಿಲು ನೋಡಿ ನಾಗೇಶ ಅಂಗಿಯ ತೋಳು ಮಡಿಸಿದ. “ಇದ್ಯಾಕ್ ಸಾ ಇಲ್ಲಿ? ಆ ಮೂಲೆಗ್ ತಳ್ಳುದ್ರೆ ಬೇಕಾದಷ್ಟ್ ಜಾಗ ಆಯ್ತದೆ. ಬನ್ನಿ, ಒಂದ್ ಕೈ ಹಿಡೀರಿ.”

ಅಮ್ಮ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು.

“ಬೇಡ ನಾಗೇಶ. ಅದು ಅಲ್ಲೇ ಇರಲಿ.”

“ಯಾಕ್ ಸಾ?”

ಕಬ್ಬಿಣ, ಮುಳ್ಳು, ಧ್ರುವ ಎಲ್ಲಾ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು.

“ವಾಸ್ತು ಕಣ್ರೀ,” ಎಂದೆ.